ಕ್ವಾಯ್ ಸೇತುವೆ, ಬೆಂಗಳೂರು ದಂಡಿನ ಕಡೆಯಿಂದ

‘ದಿ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ 1957ರಲ್ಲಿ ತೆರೆಗೆ ಬಂತು. ನಿರ್ದೇಶಕರು ಡೇವಿಡ್ ಲೀನ್. ಮೂಲ, ಫ್ರೆಂಚ್ ಲೇಖಕ ಪಿಯರ್ ಬೂಲ್ ಅವರ 1952ರ ಕಾದಂಬರಿ. ಬೂಲ್ ಎಂಜಿನಿಯರಿಂಗ್ ಓದಿ ಮಲಯದ ರಬ್ಬರ್ ತೋಟದಲ್ಲಿ ಕೆಲಸ ಮಾಡಿದವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಸೆರೆವಾಸವನ್ನೂ ಕಂಡವರು.

ಜಪಾನೀಯರ ಕೈಗೆ ಸಿಕ್ಕ ಬ್ರಿಟಿಷ್ ಕರ್ನಲ್ ನಿಕಲ್ಸನ್, ಸೆರೆಯಾದ ಅಧಿಕಾರಿಗಳಿಂದ ಮೈಗೆಲಸ ಮಾಡಿಸಕೂಡದು ಎಂಬ ನಿಯಮ ಹಿಡಿದು ಕೂರುತ್ತಾನೆ. ತಗಡಿನ ಗೂಡಿನಲ್ಲಿ ಕೂಡಿಹಾಕಿದರೂ ಬಗ್ಗುವುದಿಲ್ಲ. ಹಟ ಗೆದ್ದ ಮೇಲೆ ಮಾತ್ರ, ಶತ್ರುವಿಗೆ ಬೇಕಾದ ರೈಲು ಸೇತುವೆಯನ್ನು ಶತ್ರು ಕೇಳಿದ್ದಕ್ಕಿಂತ ಗಟ್ಟಿಯಾಗಿ ಕಟ್ಟಿಕೊಡಲು ನಿಲ್ಲುತ್ತಾನೆ. ಅದನ್ನು ಉರುಳಿಸಲು ಕಾಡಿನ ದಾರಿಯಲ್ಲಿ ಬರುವವರು ಅವನ ಪಕ್ಷದವರೇ. ಕಾದಂಬರಿಯಲ್ಲಿ ರೈಲು ಹಳಿ ತಪ್ಪುತ್ತದೆ, ಸೇತುವೆ ಉಳಿಯುತ್ತದೆ. ಚಿತ್ರದಲ್ಲಿ ಸಾಯುವ ನಿಕಲ್ಸನ್ ಸಿಡಿಮದ್ದನ್ನು ಸಿಡಿಸುವ ಹಿಡಿಯ ಮೇಲೇ ಬಿದ್ದು, ರೈಲಿನೊಂದಿಗೆ ಸೇತುವೆಯೂ ನದಿಗೆ ಕುಸಿಯುತ್ತದೆ. ಬೂಲ್ ಅವರ ಮುಕ್ತಾಯ ಹೆಚ್ಚು ಕಹಿಯಾದದ್ದು, ನಿಕಲ್ಸನ್‌ನ ತಪ್ಪಿಗೆ ಹೆಚ್ಚು ಹತ್ತಿರವಾದದ್ದು.

ಚಿತ್ರದ ಜೀವ ಇರುವುದು ಸ್ಫೋಟದಲ್ಲಲ್ಲ, ಅದರ ಹಿಂದಿನ ಸಂಜೆಯಲ್ಲಿ. ಮುಗಿದ ಸೇತುವೆಯ ಮೇಲೆ ನಿಂತ ನಿಕಲ್ಸನ್ ತನ್ನ 28 ವರ್ಷಗಳ ಸೇವೆಯನ್ನು ನೆನೆಯುತ್ತಾನೆ. ಅಷ್ಟರಲ್ಲಿ ಸ್ವಂತ ಊರಿನಲ್ಲಿ ಕಳೆದದ್ದು ಕೆಲವೇ ತಿಂಗಳು. ಆದರೂ ಬದುಕು ಚೆನ್ನಾಗಿತ್ತು, ಭಾರತವೆಂದರೆ ತನಗೆ ಪ್ರೀತಿ ಎನ್ನುತ್ತಾನೆ. ಕೈಯ ಬೆತ್ತ ಜಾರಿ ನದಿಗೆ ಬೀಳುತ್ತದೆ.

ಇಂಥ ಅಧಿಕಾರಿಯ ಭಾರತವೆಂದರೆ ಕಂಟೋನ್ಮೆಂಟ್: ಪರೇಡ್ ಮೈದಾನ, ಮೆಸ್, ಬಂಗಲೆ. 1809ರಲ್ಲಿ ನೆಲೆಗೊಂಡ ಬೆಂಗಳೂರಿನ ದಂಡು ಅದೇ ಅಚ್ಚಿನದು; ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರ ಅದರ ಬಜಾರು. ಸೇತುವೆ ಕಟ್ಟುವುದೇ ಕಸುಬಾದ ಪಡೆಯ ಮನೆಯೂ ಇಲ್ಲೇ, ಹಲಸೂರು ಕೆರೆಯ ಮಗ್ಗುಲಲ್ಲಿ. ಅದು 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್, ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಸೈನ್ಯದಲ್ಲಿ ಇವರಿಗೆ ‘ತಂಬಿ’ ಎಂಬ ಅಕ್ಕರೆಯ ಹೆಸರು. ಮುನ್ನುಗ್ಗುವಾಗ ಹೊಳೆಗೆ ಸೇತುವೆ ಹಾಕುವುದು, ಹಿಂದೆಗೆಯುವಾಗ ಸೇತುವೆ ಸಿಡಿಸುವುದು, ನೆಲಬಾಂಬು ತೆಗೆಯುವುದು ಇವರ ಕೆಲಸ. ಸೇತುವೆ ಯಾರು ದಾಟಲಿಕ್ಕೆ ಎಂಬುದು ಈ ಕಸುಬಿನ ಮೊದಲ ಪಾಠ. ನಿಕಲ್ಸನ್ ಮರೆತದ್ದು ಅದನ್ನೇ. ಇದೇ ಪಡೆಯ ಸುಬೇದಾರ್ ಸುಬ್ರಹ್ಮಣ್ಯನ್ 1944ರಲ್ಲಿ ಇಟಲಿಯಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಶೌರ್ಯಪದಕ ಸಂದಿತು.

ಈ ಕಥೆಯ ಹಿಂದಿರುವ ನಿಜವಾದ ಸಯಾಮ್–ಬರ್ಮಾ ರೈಲುಮಾರ್ಗದ ಉದ್ದ 415 ಕಿಲೋಮೀಟರ್. 1942ರಲ್ಲಿ ಶುರುವಾಗಿ 1943ರ ಅಕ್ಟೋಬರ್‌ನಲ್ಲಿ ಮುಗಿಯಿತು. ದುಡಿದ 60 ಸಾವಿರಕ್ಕೂ ಹೆಚ್ಚು ಯುದ್ಧಖೈದಿಗಳಲ್ಲಿ 12 ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಸತ್ತ ಏಷ್ಯಾದ ಕೂಲಿಗಳು ಸುಮಾರು 90 ಸಾವಿರ ಎಂಬ ಅಂದಾಜಿದೆ. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳರು ಬಹಳ. ಬೂಲ್ ಕೆಲಸ ಮಾಡಿದ್ದು ಅಂಥದೇ ತೋಟದಲ್ಲಿ. ಆದರೂ ಚಿತ್ರದ ಕಥೆಯಲ್ಲಿ ಈ ಕೂಲಿಗಳಿಗೆ ಪಾಲಿಲ್ಲ. ಇದು ಸಣ್ಣ ಲೋಪವಲ್ಲ. ಸೆರೆಯಿಂದ ಬದುಕಿ ಬಂದ ಬ್ರಿಟಿಷ್ ಸೈನಿಕರಿಗೂ ಚಿತ್ರದ ಮೇಲೆ ಕೋಪವಿತ್ತು: ನಿಜವಾದ ಸೇತುವೆಯ ಕೆಲಸದಲ್ಲಿದ್ದ ಖೈದಿಗಳ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ಶತ್ರುವಿಗೆ ಮನಸಾರೆ ದುಡಿದವರಲ್ಲ, ತಮ್ಮವರ ಜೀವ ಉಳಿಸಲು ಹೆಣಗಿದವರು.

ಚಿತ್ರೀಕರಣ ನಡೆದದ್ದು ಸಿಲೋನಿನ ಕಿತುಲ್‌ಗಲದಲ್ಲಿ. ಚಿತ್ರಕ್ಕೆ 7 ಆಸ್ಕರ್ ಬಂದವು. ಚಿತ್ರಕಥೆಯ ಪ್ರಶಸ್ತಿಯನ್ನು ಅದನ್ನು ಬರೆಯದ ಬೂಲ್ ಅವರಿಗೆ ಕೊಡಲಾಯಿತು. ಬರೆದ ಮೈಕೇಲ್ ವಿಲ್ಸನ್ ಮತ್ತು ಕಾರ್ಲ್ ಫೋರ್‌ಮನ್ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದರು. ಅಕಾಡೆಮಿ ಅವರಿಗೆ ಮನ್ನಣೆ ಕೊಟ್ಟದ್ದು 1984ರಲ್ಲಿ, ಇಬ್ಬರೂ ತೀರಿಕೊಂಡ ಮೇಲೆ.

ಲೀನ್ ತಮ್ಮ ಕೊನೆಯ ಚಿತ್ರಕ್ಕೆ ಬೆಂಗಳೂರಿಗೇ ಬಂದರು. ಇ.ಎಂ. ಫಾರ್ಸ್ಟರ್ ಕಾದಂಬರಿಯಿಂದ ಹುಟ್ಟಿದ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ 1983–84ರಲ್ಲಿ ಅರಮನೆ ಮೈದಾನದಲ್ಲಿ ಒಂದು ಊರೇ ಎದ್ದಿತು, ಸಾವನದುರ್ಗದ ಬಂಡೆ ಕಥೆಯ ಮರಬಾರ್ ಬೆಟ್ಟವಾಯಿತು. ನಿಕಲ್ಸನ್ ಪಾತ್ರಕ್ಕೆ ಆಸ್ಕರ್ ಪಡೆದಿದ್ದ ಆಲೆಕ್ ಗಿನ್ನೆಸ್ ಈ ಬಾರಿ ಹಣೆಗೆ ನಾಮ ಇಟ್ಟು ಪ್ರೊಫೆಸರ್ ಗೋಡಬೋಲೆಯಾದರು.