ಕರಾವಳಿಯ ಸೆಕೆಯಲ್ಲಿ ದಪ್ಪ ಟೊಮ್ಯಾಟೊ: ಹೂವು ಉದುರುವುದರ ಕಾರಣವಿಚಾರ

ಕರಾವಳಿಯ ಪೇಟೆಗಳಿಗೆ ಟೊಮ್ಯಾಟೊ ಬಹುಮಟ್ಟಿಗೆ ಘಟ್ಟದ ಮೇಲಿನಿಂದ ಬರುತ್ತದೆ. ಅಂಗೈ ತುಂಬುವಂಥ ಹಣ್ಣನ್ನು ತನ್ನ ಹಿತ್ತಿಲಲ್ಲಿಯೇ ಬೆಳೆಯಬೇಕೆಂದು ಹೊರಟ ಕರಾವಳಿಯ ಬೇಸಾಯಗಾರನ ಅನುಭವ ಸಾಮಾನ್ಯವಾಗಿ ಒಂದೇ ಬಗೆಯದು. ಫೆಬ್ರುವರಿಯಲ್ಲಿ ನೆಟ್ಟ ಗಿಡ ಸೊಂಪಾಗಿ ಬೆಳೆಯುತ್ತದೆ. ಏಪ್ರಿಲಿನಲ್ಲಿ ಗೊಂಚಲುಗೊಂಚಲಾಗಿ ಹೂ ಬಿಡುತ್ತದೆ. ಹೂವಿನ ತೊಟ್ಟು ಹಳದಿಯಾಗಿ ಗಂಟಿನ ಬಳಿ ಕಳಚಿ ಬೀಳುತ್ತದೆ. ಗೊಬ್ಬರ ಸಾಲದಾಯಿತೆಂದು ಭಾವಿಸಿ ಅವನು ಮತ್ತಷ್ಟು ಗೊಬ್ಬರ ಹಾಕುತ್ತಾನೆ. ಗಿಡ ಇನ್ನೂ ಸೊಂಪಾಗುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ. ಈ ಸೋಲಿಗೆ ನಿಜವಾದ ಕಾರಣವೇನು, ಅದಕ್ಕೆ ಪರಿಹಾರ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಹಗಲಿನ ಬಿಸಿಲೇ ಇದಕ್ಕೆ ಕಾರಣವೆಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಏಪ್ರಿಲ್ ತಿಂಗಳಿನಲ್ಲಿ ಮಂಗಳೂರಿನ ಮತ್ತು ಬೆಂಗಳೂರಿನ ಹಗಲಿನ ಗರಿಷ್ಠ ಉಷ್ಣಾಂಶಗಳನ್ನು ಹೋಲಿಸಿ ನೋಡಿದರೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕಡೆ ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ವ್ಯತ್ಯಾಸವಿರುವುದು ರಾತ್ರಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಆ ತಿಂಗಳ ಇರುಳು ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಅದು ಸುಮಾರು 25 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಅಲ್ಪವೆಂದು ತೋರುವ ಈ ಮೂರು ನಾಲ್ಕು ಡಿಗ್ರಿಗಳೇ ಇಲ್ಲಿ ನಿರ್ಣಾಯಕವಾಗುತ್ತವೆ.

ಇರುಳಿನ ಉಷ್ಣಾಂಶದ ಮಹತ್ವವನ್ನು ಪ್ರಯೋಗದಿಂದ ತೋರಿಸಿಕೊಟ್ಟವರಲ್ಲಿ ಪ್ರಮುಖರು ಫ್ರಿಟ್ಸ್ ವೆಂಟ್ ಎಂಬ ಸಸ್ಯಶರೀರವಿಜ್ಞಾನಿ. ಕ್ಯಾಲಿಫೋರ್ನಿಯದ ಪಾಸಡೀನದಲ್ಲಿ ಹವೆಯನ್ನು ನಿಯಂತ್ರಿಸಿದ ಗಾಜಿನ ಮನೆಗಳಲ್ಲಿ ಟೊಮ್ಯಾಟೊ ಗಿಡಗಳನ್ನು ಬೆಳೆಸಿ, ಇರುಳಿನ ಉಷ್ಣಾಂಶ 15ರಿಂದ 20 ಡಿಗ್ರಿಗಳ ನಡುವೆ ಇದ್ದಾಗ ಮಾತ್ರ ಕಾಯಿ ಸಮೃದ್ಧವಾಗಿ ಕಟ್ಟುತ್ತದೆ ಎಂದು ಅವರು 1944ರಲ್ಲಿ ಪ್ರಕಟಿಸಿದರು. ತಳಿಯಿಂದ ತಳಿಗೆ ಈ ಮಿತಿ ತುಸು ಹೆಚ್ಚುಕಡಮೆಯಾದರೂ, ಇರುಳು ಕಾದಂತೆಲ್ಲ ಫಲ ಕುಗ್ಗುತ್ತದೆ ಎಂಬ ಮೂಲತತ್ತ್ವ ಇಂದಿಗೂ ನಿಂತಿದೆ. ಟೊಮ್ಯಾಟೊವಿನ ಕಾಡುಬಂಧುಗಳು ದಕ್ಷಿಣ ಅಮೆರಿಕದ ಪಶ್ಚಿಮ ಭಾಗದ ಒಣ ತೀರಪ್ರದೇಶಗಳಲ್ಲಿಯೂ ಆಂಡೀಸ್ ಪರ್ವತಗಳ ಕಣಿವೆಗಳಲ್ಲಿಯೂ ಬೆಳೆಯುವಂಥವು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೂವಿನೊಳಗೆ ನಡೆಯುವುದೇನು? ಹೂ ಅರಳುವುದಕ್ಕೆ ಸುಮಾರು 8ರಿಂದ 13 ದಿನಗಳ ಮುಂಚೆ, ಪರಾಗದ ಮಾತೃಕೋಶಗಳು ವಿಭಜನೆಗೊಳ್ಳುವ ಕಾಲದಲ್ಲಿ, ಮೊಗ್ಗು ಶಾಖಕ್ಕೆ ಅತ್ಯಂತ ಸೂಕ್ಷ್ಮವಾಗಿರುತ್ತದೆ. ಬೆಳೆಯುತ್ತಿರುವ ಪರಾಗಕ್ಕೆ ಸಕ್ಕರೆಯ ಪೂರೈಕೆ ಬೇಕು. ಬಿಸಿಯಾದ ಇರುಳಿನಲ್ಲಿ ಗಿಡದ ಉಸಿರಾಟ ತೀವ್ರಗೊಂಡು, ಎಲೆ ಹಗಲಿನಲ್ಲಿ ಕೂಡಿಟ್ಟ ಸಕ್ಕರೆಯ ಹೆಚ್ಚಿನ ಪಾಲು ಅದಕ್ಕೇ ವ್ಯಯವಾಗುತ್ತದೆ. ಪರಾಗಕಣಗಳು ಸುಕ್ಕಿ ಬರಡಾಗುತ್ತವೆ. ಕೆಲವು ತಳಿಗಳಲ್ಲಿ ಶಲಾಕೆ ಉದ್ದವಾಗಿ, ಪರಾಗಕೋಶಗಳು ಕೂಡಿ ಆದ ಕೊಳವೆಯಿಂದ ಹೊರಚಾಚುವುದೂ ಉಂಟು. ಆಗ ಹೂವಿನ ಸ್ವಂತ ಪರಾಗವೇ ಶಲಾಕಾಗ್ರವನ್ನು ಮುಟ್ಟಲಾರದು. ಇಂದು ಉದುರಿದ ಹೂವಿಗೆ ಆಪತ್ತು ಒದಗಿದ್ದು ಇಂದಲ್ಲ, ಹಿಂದಿನ ವಾರವೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಾಳಿಯ ತೇವ ಈ ಕಷ್ಟವನ್ನು ಇಮ್ಮಡಿಗೊಳಿಸುತ್ತದೆ. ಟೊಮ್ಯಾಟೊವಿನ ಪರಾಗ ಒಣಗಿ ಹುಡಿಯಂತಿದ್ದು, ಹೂ ಅಲುಗಿದಾಗ ಉದುರಬೇಕು. ತೇವ ಮಿತಿಮೀರಿದ ಗಾಳಿಯಲ್ಲಿ ಅದು ಅಂಟಿಕೊಂಡು ಕೊಳವೆಯಲ್ಲಿಯೇ ಉಳಿಯುತ್ತದೆ. ಜೇನುನೊಣ ಇದನ್ನು ಬಿಡಿಸಲಾರದು. ಹೂವನ್ನು ಹಿಡಿದು ಝೇಂಕರಿಸುತ್ತ ನಡುಗಿಸುವ ನೀಲಿಪಟ್ಟೆಯ ದುಂಬಿ, ಮರ ಕೊರೆಯುವ ಕಪ್ಪು ದುಂಬಿ ಮೊದಲಾದವು ಮಾತ್ರ ಈ ಕೆಲಸ ಮಾಡಬಲ್ಲವು.

ಇನ್ನು, ದಪ್ಪ ಹಣ್ಣಿನ ತಳಿಗಳೇ ಹೆಚ್ಚಾಗಿ ಸೋಲುವುದೇಕೆ? ಕಾಡು ಟೊಮ್ಯಾಟೊವಿನ ಹಣ್ಣು ಒಂದೆರಡು ಗ್ರಾಮಿನದು. ಅದರಲ್ಲಿ ಬೀಜದ ಕೋಣೆಗಳು ಎರಡು ಮಾತ್ರ. ಮನುಷ್ಯನ ಆಯ್ಕೆಯಿಂದ ಬೆಳೆದುಬಂದ ಭಾರಿ ಹಣ್ಣಿನಲ್ಲಿ ಎಂಟಕ್ಕೂ ಮಿಕ್ಕಿ ಕೋಣೆಗಳಿರುವುದುಂಟು. ಅಷ್ಟು ಕೋಣೆಗಳೂ ತುಂಬಿ ಹಣ್ಣು ದುಂಡಾಗಬೇಕಾದರೆ ನೂರಾರು ಅಂಡಕಗಳು ಫಲಿತವಾಗಬೇಕು. ಎಂದರೆ ಅಷ್ಟೇ ಹೇರಳವಾಗಿ ಜೀವಂತ ಪರಾಗ ಬೇಕು. ಅದು ಸಾಲದೆಹೋದರೆ ಹೂ ಉದುರುತ್ತದೆ, ಇಲ್ಲವೆ ಹಣ್ಣು ಸೊಟ್ಟಗಾಗಿ ಒಳಗೆ ಪೊಳ್ಳಾಗುತ್ತದೆ. ಮೇಲಾಗಿ ಇಂಥ ತಳಿಯ ಒಂದು ಗೊಂಚಲಿನಲ್ಲಿ ಹೂವುಗಳೇ ಕಡಮೆ. ಗೋಲಿಯಂಥ ಸಣ್ಣ ಹಣ್ಣಿನ ತಳಿಯಲ್ಲಿ ಹತ್ತು ಹೂ ಉದುರಿದರೂ ಹತ್ತು ಉಳಿಯುತ್ತವೆ, ಇಲ್ಲಿ ಐದು ಉದುರಿದರೆ ಉಳಿಯುವುದು ಏನೂ ಇಲ್ಲ. ಹೇಗೋ ಕಟ್ಟಿದ ಕಾಯಿಯೂ 30 ಡಿಗ್ರಿಗೆ ಮೇಲ್ಪಟ್ಟ ಶಾಖದಲ್ಲಿ ಸರಿಯಾಗಿ ಕೆಂಪಾಗುವುದಿಲ್ಲ. ಕೆಂಪು ಬಣ್ಣದ ಲೈಕೋಪೀನ್ ಆಗ ಉತ್ಪನ್ನವಾಗದೆ ಹಣ್ಣು ಕಿತ್ತಳೆ ಛಾಯೆಯಲ್ಲಿಯೇ ನಿಲ್ಲುತ್ತದೆ.

ಈ ವಿವೇಚನೆಯಿಂದ ಪರಿಹಾರದ ದಾರಿಯೂ ಅದರ ಮಿತಿಯೂ ತಿಳಿಯುತ್ತವೆ. ಹೆಚ್ಚಿನ ಸಾರಜನಕ ಎಲೆಯನ್ನು ಬೆಳೆಸೀತು, ಪರಾಗವನ್ನು ಉಳಿಸದು. ನೆರಳಿನ ಬಲೆ ನಡುಹಗಲಿನ ತಾಪವನ್ನು ತಗ್ಗಿಸೀತು, ಇರುಳನ್ನು ತಂಪು ಮಾಡದು. ಇರುಳನ್ನು ಬದಲಿಸಲಾಗದ ಬೇಸಾಯಗಾರ ಹೂ ಬಿಡುವ ಕಾಲವನ್ನು ಬದಲಿಸಬಹುದು. ಕಾರ್ತಿಯ ಭತ್ತದ ಕೊಯ್ಲಾದ ಮಜಲು ಗದ್ದೆಯಲ್ಲಿ, ಮಳೆ ಇಳಿದೊಡನೆ ಅಕ್ಟೋಬರಿನಲ್ಲಿ ಸಸಿಮಡಿ ಮಾಡಿ ನವೆಂಬರಿನಲ್ಲಿ ನೆಟ್ಟರೆ, ಗಿಡ ಹೂ ಬಿಡುವುದು ಡಿಸೆಂಬರ್–ಜನವರಿಗಳಲ್ಲಿ. ಇರುಳು 21 ಡಿಗ್ರಿಯ ಆಸುಪಾಸಿಗೆ ಇಳಿಯುವುದೂ ಗಾಳಿ ಒಣಗುವುದೂ ಕರಾವಳಿಯಲ್ಲಿ ಆಗಲೇ. ಬಿಸಿಲೇರಿದ ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಪರಾಗ ಉದುರುವುದಕ್ಕೆ ಸಹಾಯವಾಗುತ್ತದೆ.

ಮಣ್ಣಿನ ವಿಷಯವನ್ನೂ ಮರೆಯುವಂತಿಲ್ಲ. ಕರಾವಳಿಯ ಹುಳಿಯಾದ ಜಂಬಿಟ್ಟಿಗೆ ಮಣ್ಣಿನಲ್ಲಿ, ಹಸಿರಾಗಿರುವ ಗಿಡವನ್ನು ಕೆಲವೇ ದಿನಗಳಲ್ಲಿ ಬಾಡಿಸಿಬಿಡುವ ಬ್ಯಾಕ್ಟೀರಿಯಾದ ಸೊರಗು ರೋಗ ಪ್ರಬಲವಾದುದು. ಕಾಲಕ್ರಮವನ್ನು ಎಷ್ಟು ಸರಿಪಡಿಸಿದರೂ ಈ ರೋಗ ತಗಲಿದರೆ ಶ್ರಮ ವ್ಯರ್ಥ. ಸುಣ್ಣ, ಏರುಮಡಿ, ಬೆಳೆಯ ಸರದಿ ಇವುಗಳೊಡನೆ ರೋಗನಿರೋಧಕ ತಳಿಯನ್ನು ಆರಿಸುವುದು ಅಗತ್ಯ. ಕೇರಳ ಕೃಷಿ ವಿಶ್ವವಿದ್ಯಾನಿಲಯದ ಶಕ್ತಿ, ಮುಕ್ತಿ, ಅನಘ ತಳಿಗಳೂ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯ ಅರ್ಕ ರಕ್ಷಕ್ ಸಂಕರತಳಿಯೂ ಈ ರೋಗವನ್ನು ತಡೆಯಬಲ್ಲವು. ಅರ್ಕ ರಕ್ಷಕ್ ಹಣ್ಣು ಸುಮಾರು 90ರಿಂದ 100 ಗ್ರಾಂ ತೂಗುತ್ತದೆ. ಇನ್ನೂ ದಪ್ಪ ಹಣ್ಣಿನ, ಆದರೆ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯೇ ಬೇಕೆನ್ನುವವರು ಅದನ್ನು ಬದನೆಯ ಬೇರುಗಿಡದ ಮೇಲೆ ಕಸಿ ಮಾಡಬಹುದು. ತೈವಾನಿನಲ್ಲಿ 1971ರಲ್ಲಿ ಸ್ಥಾಪಿತವಾದ ತರಕಾರಿ ಸಂಶೋಧನ ಕೇಂದ್ರ ಸೆಕೆ ಮತ್ತು ಮಳೆಯ ಕಾಲಕ್ಕೆಂದೇ ಈ ವಿಧಾನವನ್ನು ಬಳಕೆಗೆ ತಂದಿತು. ಬದನೆಯ ಬೇರು ರೋಗವನ್ನು ಮಾತ್ರವಲ್ಲದೆ ನಿಂತ ನೀರನ್ನೂ ಸಹಿಸಬಲ್ಲುದು. ಆದರೆ ಕಸಿ ಬೇರನ್ನು ಕಾಪಾಡುತ್ತದೆ. ಪರಾಗಕ್ಕೆ ಬೇಕಾದ ತಂಪನ್ನು ಒದಗಿಸುವುದಿಲ್ಲ.

ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಇದನ್ನು ಅಲ್ಪ ವೆಚ್ಚದಲ್ಲಿ ಪರೀಕ್ಷಿಸಬಹುದು. ಒಂದೇ ತಳಿಯ ಗಿಡಗಳನ್ನು ಎರಡು ಸರದಿಯಲ್ಲಿ ನೆಟ್ಟು, ಜನವರಿಯಲ್ಲಿ ಮತ್ತು ಏಪ್ರಿಲಿನಲ್ಲಿ ಅರಳಿದ ಹೂಗಳ ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಅಸಿಟೊಕಾರ್ಮಿನ್ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತುಂಬಿಕೊಂಡು ಕೆಂಪಾದ ಕಣಗಳನ್ನೂ ಸುಕ್ಕಿ ಬಿಳಿಚಿದ ಕಣಗಳನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಬಣ್ಣ ಹಿಡಿದ ಕಣವೆಲ್ಲ ಮೊಳೆಯುತ್ತದೆಂದು ಹೇಳಲಾಗದು. ಆದ್ದರಿಂದ ಶೇಕಡಾ 10ರ ಸಕ್ಕರೆಯ ದ್ರಾವಣಕ್ಕೆ ತುಸು ಬೋರಿಕ್ ಆಮ್ಲ ಸೇರಿಸಿ, ಕೆಲವು ಗಂಟೆಗಳ ಬಳಿಕ ಪರಾಗನಳಿಕೆ ಬೆಳೆದಿದೆಯೇ ಎಂದೂ ಪರೀಕ್ಷಿಸುವುದು ಲೇಸು. ಇದರ ಜೊತೆಯಲ್ಲಿ ಪ್ರತಿದಿನದ ಕನಿಷ್ಠ ಉಷ್ಣಾಂಶವನ್ನು ಬರೆದಿಟ್ಟುಕೊಂಡರೆ, ಕಾರಣ–ಕಾರ್ಯಗಳ ಸಂಬಂಧ ವಿದ್ಯಾರ್ಥಿಗೆ ಕಣ್ಣಾರೆ ಕಾಣುತ್ತದೆ.

ಇದು ಹಿತ್ತಿಲ ತರಕಾರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಭೂಮಿಯ ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇರುಳಿನ ಕನಿಷ್ಠ ಉಷ್ಣಾಂಶವೂ ಏರುತ್ತಿದೆ. ಇಂದು ಕರಾವಳಿಯ ಕಷ್ಟವಾಗಿರುವುದು ನಾಳೆ ಘಟ್ಟದ ಮೇಲಿನ ಬಯಲಿಗೂ ಬರಬಹುದಾಗಿದೆ. ಹಣ್ಣಿನ ಗಾತ್ರವೊಂದನ್ನೇ ಗುರಿಯಾಗಿಟ್ಟುಕೊಳ್ಳದೆ, ಬಿಸಿಯಾದ ಇರುಳಿನಲ್ಲಿಯೂ ಪರಾಗ ಕೆಡದ ತಳಿಯನ್ನು ಅರಸುವುದು ಮುಂದಿನ ಸಂಶೋಧನೆಯ ಮುಖ್ಯ ಕಾರ್ಯವಾಗಬೇಕು. ಅಲ್ಲಿಯವರೆಗೆ ಕರಾವಳಿಯ ಬೇಸಾಯಗಾರನಿಗೆ ನಾವು ಹೇಳಬಹುದಾದುದು ಇಷ್ಟೆ: ಏಪ್ರಿಲಿನಲ್ಲಿ ಹೂ ಉದುರಿದರೆ ಅದು ಅವನ ಆರೈಕೆಯ ದೋಷವಲ್ಲ, ಗೊಬ್ಬರದ ಲೆಕ್ಕಕ್ಕಿಂತ ಮೊದಲು ಅವನು ಪಂಚಾಂಗದ ಲೆಕ್ಕ ನೋಡಲಿ.