ಎದ್ದು ಓಡುವ ಮಕ್ಕಳು: ಎಡಿಎಚ್‌ಡಿ ಮತ್ತು ಆಟಿಸಂ

ಸಾಮೂಹಿಕ ಇಷ್ಟಲಿಂಗ ಪೂಜೆಯ ನಡುವೆ ಇಬ್ಬರು ಬಾಲಕರು ಎದ್ದು ಹೊರಗೋಡಿದರು ಎಂದುಕೊಳ್ಳೋಣ. ನೋಡಿದವರು ಆಡುವ ಮಾತು ಒಂದೇ: ‘ಮನೆಯಲ್ಲಿ ಸಂಸ್ಕಾರ ಕಲಿಸಿಲ್ಲ.’ ತಾಯಂದಿರು ತಲೆತಗ್ಗಿಸಿ ಮಕ್ಕಳ ಹಿಂದೆ ನಡೆಯುತ್ತಾರೆ. ಮುಂದಿನ ತಿಂಗಳು ಬರಲು ಅಂಜುತ್ತಾರೆ. ಆದರೆ ಆ ಇಬ್ಬರೂ ಎದ್ದ ಕಾರಣ ಬೇರೆ ಬೇರೆ ಇರಬಹುದು.

ಮೊದಲನೆಯವನಿಗೆ ಗಮನದ ಕೊರತೆ ಹಾಗೂ ಅತಿಚಟುವಟಿಕೆ, ಅಂದರೆ ಎಡಿಎಚ್‌ಡಿ ಇರಬಹುದು. ಕುಳಿತಿರಬೇಕೆಂಬ ನಿಯಮ ಅವನಿಗೆ ಗೊತ್ತು. ಆ ಕ್ಷಣದ ಸೆಳೆತವನ್ನು ತಡೆಯುವುದು ಕಷ್ಟ. ಎರಡನೆಯವನಿಗೆ ಆಟಿಸಂ ಇರಬಹುದು. ಗಂಟೆ, ಜಾಗಟೆಗಳ ಸದ್ದು ಅವನಿಗೆ ಸಹಿಸಲಾಗದಷ್ಟು ತೀವ್ರವಾಗಿರುತ್ತದೆ. ಎಲ್ಲರೂ ಹೇಳದೆಯೇ ಅರಿಯುವ ಮುಖಭಾವ, ಸನ್ನೆಗಳು ಅವನಿಗೆ ಸುಲಭವಾಗಿ ತಿಳಿಯುವುದಿಲ್ಲ. ದಿನಚರಿ ಬದಲಾದರೆ ಅವನು ಕಳವಳಗೊಳ್ಳುತ್ತಾನೆ.

ಹೋಲಿಕೆಗಳೂ ಉಂಟು. ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು, ಕೆಲಸವನ್ನು ಕ್ರಮವಾಗಿ ಯೋಜಿಸುವುದು, ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸುವುದು ಇಬ್ಬರಿಗೂ ಕಷ್ಟವಾಗಬಹುದು. ಮೆಚ್ಚಿನ ವಿಷಯದಲ್ಲಿ ಇಬ್ಬರೂ ಗಂಟೆಗಟ್ಟಲೆ ಮುಳುಗಬಲ್ಲರು. ಎರಡೂ ಸ್ಥಿತಿಗಳು ಒಂದೇ ಮಗುವಿನಲ್ಲಿ ಇರುವುದೂ ಅಪರೂಪವಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಹೀಗೆ ಎರಡನ್ನೂ ಒಟ್ಟಿಗೆ ಗುರುತಿಸಲು ಅವಕಾಶ ನೀಡಿದ್ದು 2013ರಲ್ಲಷ್ಟೇ.

ಭೇದವನ್ನು ಅರಿಯಬೇಕಾದುದು ನೆರವು ಬೇರೆಯಾಗುವುದರಿಂದ. ಎಡಿಎಚ್‌ಡಿಯಲ್ಲಿ ತರಬೇತಿಯ ಜೊತೆಗೆ, ಅಗತ್ಯವಿದ್ದರೆ ವೈದ್ಯರು ಕೊಡುವ ಔಷಧದಿಂದ ಏಕಾಗ್ರತೆ ಸುಧಾರಿಸಬಹುದು. ಆಟಿಸಂ ಅನ್ನು ವಾಸಿಮಾಡುವ ಔಷಧವಿಲ್ಲ. ಹಾಗೆಂದು ಆಶ್ವಾಸನೆ ಕೊಡುವವರನ್ನು ನಂಬಬಾರದು. ವಾಕ್ ಚಿಕಿತ್ಸೆ, ದೈನಂದಿನ ಕೌಶಲಗಳ ತರಬೇತಿ, ಚಿತ್ರಗಳ ಮೂಲಕ ತಿಳಿಸುವ ದಿನಚರಿ ಆ ಮಗುವಿಗೆ ಆಸರೆಯಾಗುತ್ತವೆ. ಯಾವುದೇ ರಕ್ತಪರೀಕ್ಷೆ ಇವೆರಡನ್ನು ಬೇರ್ಪಡಿಸಿ ತೋರಿಸದು. ಪೋಷಕರ, ಶಿಕ್ಷಕರ ಮಾತು ಕೇಳಿ, ಮಗುವನ್ನು ಗಮನಿಸಿಯೇ ತಜ್ಞರು ನಿರ್ಣಯಿಸುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಭಕ್ತರು ಮೊದಲು ಸಮೀಪದ ಮಕ್ಕಳ ವೈದ್ಯರನ್ನು ಕಂಡು, ಅಗತ್ಯವಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿಲ್ಲ.

ಮಠದ ಅಂಗಳದಲ್ಲಿ ನಾವು ಮಾಡಬಹುದಾದುದೂ ಇದೆ. ಮೊದಲನೆಯ ಮಗುವಿಗೆ ಹೂವು ಹಂಚುವ, ಪ್ರಸಾದದ ಎಲೆ ಹಾಕುವ ಕಾಯಕ ಕೊಡೋಣ. ಎರಡನೆಯ ಮಗುವಿಗೆ ಮುಂದೇನು ನಡೆಯುವುದೆಂದು ಮೊದಲೇ ತಿಳಿಸಿ, ಬಾಗಿಲ ಬಳಿ, ಸದ್ದಿನಿಂದ ದೂರ ಜಾಗ ಬಿಡೋಣ. ಆ ತಾಯಂದಿರನ್ನು ‘ಮುಂದಿನ ತಿಂಗಳೂ ಬನ್ನಿ’ ಎಂದು ಕರೆಯೋಣ. ಎಲ್ಲರಿಗೂ ಸ್ಥಳವಿದ್ದ ಅನುಭವ ಮಂಟಪದ ವಾರಸುದಾರರಾದ ನಮಗೆ ಇದು ಹೊಸ ಪಾಠವೇನಲ್ಲ.