ಸಂಸಾರದೊಡನೆ ಬೆಳೆಯುವ ಧ್ವನಿಪೆಟ್ಟಿಗೆ

ಮನೆ ಕಟ್ಟಿಸುವವರು ಬಾಗಿಲಿನ ದಿಕ್ಕು, ಅಡುಗೆಮನೆಯ ಕಟ್ಟೆ, ಪೂಜಾಗೃಹದ ಅಳತೆ ಮುಂತಾದುವನ್ನು ಕುರಿತು ತಿಂಗಳುಗಟ್ಟಲೆ ವಿಚಾರ ಮಾಡುತ್ತಾರೆ. ಆ ಮನೆಯೊಳಗೆ ಮಾತು, ಹಾಡು, ವಚನಗಾಯನಗಳು ಹೇಗೆ ಕೇಳಿಬರಬೇಕೆಂಬುದನ್ನು ಆಲೋಚಿಸುವವರು ವಿರಳ. ಗೃಹಪ್ರವೇಶ ಮುಗಿದ ಮೇಲೆ ಉಳಿದ ಹಣದಲ್ಲಿ, ಇಲ್ಲವೆ ಕಂತಿನ ಸಾಲದಲ್ಲಿ, ಮಿನುಗುವ ದೀಪಗಳುಳ್ಳ ದೊಡ್ಡದೊಂದು ಪೆಟ್ಟಿಗೆ ಮನೆಗೆ ಬರುತ್ತದೆ. ಎಲ್ಲ ಭಾಗಗಳೂ ಅದರಲ್ಲಿ ಬೆಸೆದುಕೊಂಡಿರುವುದರಿಂದ ಒಂದು ಕೆಟ್ಟರೆ ಇಡೀ ಯಂತ್ರವೇ ಅಟ್ಟ ಸೇರುತ್ತದೆ. ಕಡೂರು, ತರೀಕೆರೆಗಳಲ್ಲಾಗಲಿ, ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರದಲ್ಲಾಗಲಿ ಇಂತಹ ಪೆಟ್ಟಿಗೆಗಳಿರುವ ಅಟ್ಟಗಳಿಗೆ ಕೊರತೆಯಿಲ್ಲ.

ಇದಕ್ಕೆ ಬೇರೊಂದು ಮಾರ್ಗವುಂಟು. ಧ್ವನಿ ವ್ಯವಸ್ಥೆಯನ್ನು ಬಿಡಿಬಿಡಿಯಾಗಿ, ಸಂಸಾರದ ಅಗತ್ಯ ಬದಲಾದಂತೆ, ಕೈಯಲ್ಲಿ ಹಣವಿದ್ದಾಗಲಷ್ಟೇ ಕಟ್ಟಿಕೊಳ್ಳುತ್ತ ಹೋಗುವುದು. ಇದು ಹೊಸ ಉಪಾಯವೇನೂ ಅಲ್ಲ. ನಮ್ಮ ಸೀಮೆಯ ರೇಡಿಯೊ ರಿಪೇರಿಗಾರರು ಹಿಂದಿನಿಂದಲೂ ಬಲ್ಲ ವಿದ್ಯೆ.

ಈ ಭಾಗದ ಮನೆಗಳಿಗೆ ದನಿ ಮೊದಲು ಬಂದದ್ದು ಬಾನುಲಿಯಿಂದ. ತರೀಕೆರೆಗೆ ಸಮೀಪದ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಮಧ್ಯಮ ತರಂಗದ 675 ಕಿಲೋಹರ್ಟ್ಸ್ ಬಾನುಲಿ ಇದ್ದ ಮನೆಗಳಲ್ಲಿ ನಿತ್ಯದ ಪರಿಚಯವಾಯಿತು. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಾಗಿತ್ತು. ಆ ಕಾಲದ ವಾಲ್ವ್ ರೇಡಿಯೊಗಳ ದನಿಯನ್ನು ಹಿರಿಯರು ಇಂದಿಗೂ ಹೊಗಳುವುದು ಕೇವಲ ಹಳೆಯದರ ಮೋಹದಿಂದಲ್ಲ. ಅವುಗಳ ಶಕ್ತಿ ಎರಡು ಮೂರು ವಾಟ್ ಮಾತ್ರ. ಆದರೆ ಅಗಲವಾದ ಕಾಗದದ ಶಂಕು, ಮರದ ದೊಡ್ಡ ಗೂಡು, ಕಡಿಮೆ ವಿದ್ಯುತ್ತಿನಲ್ಲೇ ಬಾಯಿ ಬಿಡುವ ಸ್ಪೀಕರು ಇದ್ದುದರಿಂದ ಮನುಷ್ಯರ ಕಂಠ ತುಂಬಿಕೊಂಡು ಬರುತ್ತಿತ್ತು.

ಗ್ರಾಮಫೋನು ಅನುಕೂಲಸ್ಥರ ಮನೆಯ ವಸ್ತುವಾಗಿತ್ತು. 78 ಸುತ್ತಿನ ತಟ್ಟೆಯ ಒಂದು ಬದಿ ಸುಮಾರು ಮೂರೇ ನಿಮಿಷ. ಮಲ್ಲಿಕಾರ್ಜುನ ಮನ್ಸೂರರಂಥವರೂ ರಾಗವನ್ನು ಅಷ್ಟರೊಳಗೇ ಅಡಕಗೊಳಿಸಬೇಕಾಗಿತ್ತು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಧ್ವನಿಸುರುಳಿ ನಮ್ಮ ಊರುಗಳಿಗೆ ವ್ಯಾಪಕವಾಗಿ ಬಂದದ್ದು ಹದಿನೈದು ಇಪ್ಪತ್ತು ವರ್ಷಗಳ ಅನಂತರ. 1978ರಲ್ಲಿ ಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ ಸುರುಳಿಯಿಂದ ಕನ್ನಡ ಭಾವಗೀತೆ ಮನೆಮನೆಯ ಮಾತಾಯಿತು. ಅದೇ ಹಾದಿಯಲ್ಲಿ ವಚನಗಳೂ ಶರೀಫರ ತತ್ವಪದಗಳೂ ಬಂದವು. ಅದಾದ ಮೇಲೆ ಸಿ.ಡಿ., ಡಿ.ವಿ.ಡಿ., ಈಗ ಕೈಯೊಳಗಿನ ಮೊಬೈಲು. ಒಂದು ಆಯುಷ್ಯದ ಅವಧಿಯಲ್ಲಿ ಹಾಡಿನ ಮೂಲ ಐದಾರು ಬಾರಿ ಬದಲಾಯಿತು. ಬದಲಾಗದೆ ಉಳಿದದ್ದು ಸ್ಪೀಕರಿನ ತತ್ತ್ವ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕಂಟಿದ ಶಂಕು: 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ರೂಪಿಸಿದ ಈ ರಚನೆಯೇ ಇಂದಿನ ಹೆಚ್ಚಿನ ಸ್ಪೀಕರುಗಳಲ್ಲಿಯೂ ಇದೆ.

ಆದ್ದರಿಂದ ಹತ್ತು ರೂಪಾಯಿ ಇದ್ದರೆ ಆರನ್ನು ಸ್ಪೀಕರಿಗೂ ಮೂರನ್ನು ಆಂಪ್ಲಿಫೈಯರಿಗೂ ಉಳಿದ ಒಂದನ್ನು ತಂತಿ, ಪಿನ್ನುಗಳಿಗೂ ಖರ್ಚು ಮಾಡುವುದು ವಿವೇಕ. ಅಂಗಡಿಯಲ್ಲಿ ನಮ್ಮನ್ನು ಮರುಳುಗೊಳಿಸುವುದು ಇದಕ್ಕೆ ತದ್ವಿರುದ್ಧವಾದ ಲೆಕ್ಕ. ತೊಂಬತ್ತರ ದಶಕದಲ್ಲಿ ಸಾವಿರಾರು ವಾಟ್ ಪಿ.ಎಂ.ಪಿ.ಓ. ಎಂದು ಪೆಟ್ಟಿಗೆಗಳ ಮೇಲೆ ಬರೆದಿರುತ್ತಿದ್ದರು. ಒಳಗಿದ್ದದ್ದು ಹತ್ತು ಹದಿನೈದು ವಾಟ್. ನೋಡಬೇಕಾದದ್ದು ಆರ್.ಎಂ.ಎಸ್. ವಾಟ್, ಅದಕ್ಕಿಂತ ಮುಖ್ಯವಾಗಿ ಸ್ಪೀಕರಿನ ಸಂವೇದನಾಂಕ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಸ್ಪೀಕರಿಗೆ ಹತ್ತು ವಾಟ್ ಸಾಕು. 84 ಡೆಸಿಬೆಲ್ಲಿನದಾದರೆ ಅಷ್ಟೇ ಸದ್ದಿಗೆ ನಾಲ್ವತ್ತು ವಾಟ್ ಬೇಕು, ಏಕೆಂದರೆ ಪ್ರತಿ ಮೂರು ಡೆಸಿಬೆಲ್ಲಿಗೂ ಶಕ್ತಿ ಇಮ್ಮಡಿಯಾಗಬೇಕು.

ಹೊಸ ಸಂಸಾರದ ಒಂದೇ ಕೋಣೆ

ಮದುವೆಯಾಗಿ ಬಾಡಿಗೆ ಮನೆ ಹಿಡಿದವರಿಗೆ ಎರಡು ಒಳ್ಳೆಯ ಸ್ಪೀಕರು, ಒಂದು ಸಣ್ಣ ಆಂಪ್ಲಿಫೈಯರು ಸಾಕು. ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ, ಪ್ರತಿ ಕಡೆಗೂ ಆರು ವಾಟ್ ಕೊಡುವ ಎಲ್.ಎ. 4440 ಇಲ್ಲವೆ ಹದಿನಾಲ್ಕು ವಾಟಿನ ಟಿ.ಡಿ.ಎ. 2030 ಬಿಲ್ಲೆಯಿಂದ ಆಂಪ್ಲಿಫೈಯರ್ ಜೋಡಿಸಿಕೊಡುವವರಿದ್ದರು. ಮೊದಲನೆಯದು 12 ವೋಲ್ಟಿನ ಬ್ಯಾಟರಿಯಲ್ಲೂ ಓಡುತ್ತಿದ್ದುದರಿಂದ ಕರೆಂಟು ಹೋದ ರಾತ್ರಿಯೂ ಹಾಡು ನಿಲ್ಲುತ್ತಿರಲಿಲ್ಲ. ಈಗ ಡಿ ವರ್ಗದ ಅಂಗೈಯಗಲದ ಹಲಗೆಗಳು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಬಿಸಿಯಾಗುವುದು ಕಡಿಮೆ, ವಿದ್ಯುತ್ತೂ ಕಡಿಮೆ.

ಸ್ಪೀಕರುಗಳನ್ನು ಹಳೆಯದಾಗಿ ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಶಂಕುವನ್ನು ನಾಲ್ಕು ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿನೋಡಿ. ಒಳಗೆ ಕೆರೆದ ಸದ್ದು ಬಂದರೆ ಬಿಡಿ. ಅಂಚು ರಬ್ಬರಿನದೋ ಬಟ್ಟೆಯದೋ ಆಗಿದ್ದರೆ ಉತ್ತಮ. ಸ್ಪಂಜಿನ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯ ಮಳೆಗಾಲದ ತೇವಕ್ಕಂತೂ ಇನ್ನೂ ಬೇಗ. ಅಂಚನ್ನಷ್ಟೇ ಬದಲಾಯಿಸಬಹುದಾದ್ದರಿಂದ ಬೆಲೆ ಇಳಿಸಿ ಕೇಳಲು ಇದೊಂದು ಕಾರಣವಾದೀತು. 1.5 ವೋಲ್ಟಿನ ಟಾರ್ಚಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಶಂಕು ಮುಂದಕ್ಕೋ ಹಿಂದಕ್ಕೋ ಸರಿಯುವುದು ಕಾಣುತ್ತದೆ. ಒಂದೇ ರೀತಿ ತಾಗಿಸಿದಾಗ ಎರಡೂ ಸ್ಪೀಕರುಗಳು ಒಂದೇ ಕಡೆಗೆ ಸರಿಯಬೇಕು. ಮನೆಯಲ್ಲಿ ಜೋಡಿಸುವಾಗಲೂ ಆ ಗುರುತನ್ನೇ ಅನುಸರಿಸಬೇಕು. ತಂತಿ ಅದಲುಬದಲಾದರೆ ತಬಲದ ಡಗ್ಗಾ ಮಾಯವಾಗಿ ಗಾಯಕರು ಎಲ್ಲಿ ನಿಂತು ಹಾಡುತ್ತಿದ್ದಾರೆಂಬುದೇ ತಿಳಿಯದಾಗುತ್ತದೆ. ತಂತಿಗೆ ದುಬಾರಿ ವಿದೇಶಿ ಹೆಸರು ಬೇಡ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹತ್ತು ಮೀಟರಿನವರೆಗೂ ಧಾರಾಳವಾಗಿ ಸಾಕು.

ಕೂಸು ಅಂಬೆಗಾಲಿಡುವ ವರ್ಷಗಳಲ್ಲಿ ಸ್ಪೀಕರುಗಳನ್ನು ಎತ್ತರದ ಹಲಗೆಗೆ ಏರಿಸಿ ಮುಂಭಾಗಕ್ಕೆ ಜಾಲರಿ ಹಾಕಿಸಬೇಕು. ಎಳೆಯ ಬೆರಳಿಗೂ ಕಾಗದದ ಶಂಕುವಿಗೂ ಕೂಡಿಬರುವುದಿಲ್ಲ. ಪರೀಕ್ಷೆಗೆ ಓದುವ ಮಕ್ಕಳಿರುವಾಗ ಖರ್ಚೇ ಬೇಡ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಒಂದು ಸಾಕು. ಅದಕ್ಕೂ ಮಿತಿಯುಂಟು: ವಾರಕ್ಕೆ ನಾಲ್ವತ್ತು ಗಂಟೆಗಳವರೆಗೆ 80 ಡೆಸಿಬೆಲ್ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ, ಸದ್ದು ಏರಿದಂತೆ ಆ ಗಂಟೆಗಳು ತ್ವರಿತವಾಗಿ ಕರಗುತ್ತವೆ.

ಹೆಂಚಿನ ಮನೆ, ಆರ್.ಸಿ.ಸಿ. ಮನೆ

ಅದೇ ಸ್ಪೀಕರನ್ನು ಹಳೆಯ ಮನೆಯಿಂದ ಹೊಸ ಮನೆಗೆ ಒಯ್ದವರು ‘ಮೊದಲಿನ ದನಿ ಇಲ್ಲ, ಏನೋ ಕೆಟ್ಟಿದೆ’ ಎಂದು ದೂರುವುದುಂಟು. ಯಂತ್ರ ಕೆಟ್ಟಿಲ್ಲ, ಕೋಣೆ ಬದಲಾಗಿದೆ. ಮಣ್ಣಿನ ಗೋಡೆ, ಮರದ ತೊಲೆ, ಸಂದುಗಳಿರುವ ಹೆಂಚಿನ ಮಾಡು, ಮೂಲೆಯಲ್ಲಿ ಒಟ್ಟಿದ ಅಡಿಕೆ ಚೀಲ ಇವೆಲ್ಲವೂ ಸದ್ದನ್ನು ಹೀರುವ, ಇಲ್ಲವೆ ಚದುರಿಸುವ ಪದಾರ್ಥಗಳು. ಹೊಸ ಮನೆಯಲ್ಲಿ ಕಾಂಕ್ರೀಟಿನ ತಾರಸಿ, ಹೊಳೆಯುವ ಟೈಲ್ಸು, ಗಾಜಿನ ಕಿಟಕಿ. ಒಮ್ಮೆ ಹೊರಟ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನದು ಬಂದು ಕಲಸಿಹೋಗುತ್ತದೆ. ಬರಿದಾದ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ‘ಝಣ್’ ಎಂಬ ಬಾಲ ಕೇಳಿಸುವುದು ಇದೇ.

ಇದಕ್ಕೆ ಔಷಧ ಅಂಗಡಿಯಲ್ಲಿಲ್ಲ, ಮನೆಯ ಪೆಟ್ಟಿಗೆಯಲ್ಲಿದೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಮಡಿಕೆಗಳುಳ್ಳ ಪರದೆ, ಕೇಳುವವರ ಬೆನ್ನ ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಅದಿಲ್ಲದಿದ್ದರೆ ನಮ್ಮ ಸೀಮೆಯ ಕರಿಯ ಕಂಬಳಿಯೊಂದನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದರೂ ಆದೀತು. ಸಾವಿರಾರು ರೂಪಾಯಿಯ ಹೊಸ ಸ್ಪೀಕರಿಗಿಂತ ಈ ಕಂಬಳಿಯೇ ಮೇಲೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಸ್ಪೀಕರುಗಳೆರಡೂ ಕೇಳುವವರೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು, ಶಂಕು ಕಿವಿಯ ಎತ್ತರಕ್ಕೆ ಬರಬೇಕು, ಗೋಡೆಗೂ ಪೆಟ್ಟಿಗೆಗೂ ಒಂದಡಿಯಾದರೂ ಅಂತರವಿರಬೇಕು. ಮೂಲೆಗೆ ಒತ್ತಿದಷ್ಟೂ ಮಂದ್ರದ ಗುಂಯ್‌ಗುಟ್ಟುವಿಕೆ ಹೆಚ್ಚುತ್ತದೆ. ವೀರಗಾಸೆಯ ಸಮಾಳ, ಕರಡೆಗಳ ಮುದ್ರಣ ಕೇಳುವವರಿಗೆ ಅದು ಮೊದಲು ಹಿತವೆನಿಸಬಹುದು. ಅರ್ಧ ಗಂಟೆಯಲ್ಲಿ ತಲೆ ಭಾರವಾಗುತ್ತದೆ.

ಸ್ಪಷ್ಟತೆಯನ್ನು ಪರೀಕ್ಷಿಸಲು ನಮ್ಮ ನೆಲದಲ್ಲೇ ಸೊಗಸಾದ ಉಪಕರಣವಿದೆ. ತರೀಕೆರೆಯ ಏರಿಯ ಮೇಲಿನ ಕರಿ ಕುರಿಮರಿಗಳ ನಾಲಿಗೆ ತೊಡರಿಸುವ ಮಾತನ್ನು ಯಾರು ಬಾಲ್ಯದಲ್ಲಿ ಹೇಳಿಲ್ಲ? ಮೊಮ್ಮಗಳಿಂದ ಅದನ್ನು ಮೊಬೈಲಿನಲ್ಲಿ ವೇಗವಾಗಿ ಹೇಳಿಸಿ ಮುದ್ರಿಸಿ, ಸ್ಪೀಕರಿನಲ್ಲಿ ಹಾಕಿ ಕೇಳಿ. ರೇಫೆಗಳೂ ಕಕಾರಗಳೂ ಬಿಡಿಬಿಡಿಯಾಗಿ ಬಂದರೆ ವ್ಯವಸ್ಥೆ ಸರಿಯಿದೆ ಎನ್ನಬಹುದು.

ಹಿರಿಯರ ಕಿವಿಗೆ

ಮನೆಯಲ್ಲಿ ವೃದ್ಧರಿದ್ದಾಗ ಈ ಸ್ಪಷ್ಟತೆಯ ವಿಷಯ ಕೇವಲ ಹವ್ಯಾಸದ್ದಾಗಿ ಉಳಿಯುವುದಿಲ್ಲ. ವಯಸ್ಸಾದಂತೆ ಮೊದಲು ಕುಗ್ಗುವುದು ತಾರ ಸ್ಥಾಯಿಯ ಶ್ರವಣ. ಸ, ಶ, ತ ಮೊದಲಾದ ವ್ಯಂಜನಗಳ ಅಂಚು ಅಲ್ಲಿರುತ್ತದೆ, ಸ್ವರಗಳು ಕೆಳಗಿರುತ್ತವೆ. ಆದ್ದರಿಂದ ಅಜ್ಜನಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ದನಿ ಏರಿಸುತ್ತಾರೆ. ಸ್ವರ ಗರ್ಜಿಸುತ್ತದೆ, ವ್ಯಂಜನ ಇನ್ನೂ ಹಿಂದೆಯೇ ಉಳಿಯುತ್ತದೆ. ಸೊಸೆಗೆ ತಲೆನೋವು, ಮಾವನವರಿಗೆ ಮುನಿಸು. ಕೊನೆಗೆ ಅವರು ‘ನನಗೇನೂ ಬೇಡ’ ಎಂದು ವಚನಗಾಯನ ಕೇಳುವುದನ್ನೇ ಬಿಟ್ಟು ಮೂಲೆ ಹಿಡಿಯುತ್ತಾರೆ. ಎಷ್ಟು ಮನೆಗಳಲ್ಲಿ ಹೀಗಾಗಿದೆಯೆಂಬುದು ಓದುಗರಿಗೇ ಗೊತ್ತು.

ಇಲ್ಲಿ ಮಾಡಬೇಕಾದದ್ದು ಮಂದ್ರವನ್ನು ತಗ್ಗಿಸಿ, ತಾರವನ್ನು ತುಸು ಏರಿಸಿ, ಸ್ಪೀಕರನ್ನು ಅವರ ಹತ್ತಿರಕ್ಕೆ ತರುವುದು. ಬಯಲಿನಲ್ಲಿ ದೂರ ಅರ್ಧವಾದರೆ ಆರು ಡೆಸಿಬೆಲ್ ಲಾಭ. ಕೋಣೆಯಲ್ಲಿ ಅದಕ್ಕಿಂತ ಕಡಿಮೆಯಾದರೂ ಪ್ರತಿಧ್ವನಿಯ ಕಲಬೆರಕೆ ತಪ್ಪುತ್ತದೆ. ಹಾಸಿಗೆಯ ಬಳಿ ಮೊಳದೂರದಲ್ಲಿಟ್ಟ ಸಣ್ಣ ರೇಡಿಯೊ, ನಡುಮನೆಯ ದೊಡ್ಡ ಪೆಟ್ಟಿಗೆಗಿಂತ ಹೆಚ್ಚು ಉಪಕಾರಿ. ಕಿವಿಯ ವೈದ್ಯರಿಂದ ಒಮ್ಮೆ ಪರೀಕ್ಷೆ ಮಾಡಿಸುವುದೂ ಅಗತ್ಯ. ಕನ್ನಡಕ ಹಾಕಿಕೊಳ್ಳಲು ನಾಚದವರು ಶ್ರವಣಯಂತ್ರಕ್ಕೇಕೆ ನಾಚಬೇಕೋ ತಿಳಿಯದು.

ವಿದ್ಯುತ್ತಿನ ವಿಚಾರವನ್ನೂ ಸೇರಿಸಿ ಹೇಳಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಮುನ್ನ ಪಿನ್ನನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಇರಲಿ. ನೆರೆಹೊರೆಯ ದೃಷ್ಟಿಯಿಂದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮಿತಿ ಹಾಕಿರುವುದನ್ನು ಗೃಹಪ್ರವೇಶ, ನಾಮಕರಣಗಳಂದು ನೆನೆಯುವುದು ಒಳ್ಳೆಯದು.

ಅಟ್ಟದ ಮೇಲಿನ ಸುರುಳಿಗಳು

ಈ ಎಲ್ಲಕ್ಕಿಂತ ತುರ್ತಾದ ಕೆಲಸವೊಂದಿದೆ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಟೇಪ್‌ರೆಕಾರ್ಡರ್ ಇದ್ದ ಮನೆಗಳಲ್ಲಿ ಕ್ಯಾಸೆಟ್ಟುಗಳು ಕೇವಲ ಕೊಂಡ ಹಾಡುಗಳಾಗಿರಲಿಲ್ಲ. ಮದುವೆಯ ಸೋಬಾನೆ, ಭಜನಾ ಮಂಡಳಿಯ ಏಕಾದಶ ಹಾರ್ಮೋನಿಯಂ, ಊರಿಗೆ ಬಂದ ಸ್ವಾಮಿಗಳ ಆಶೀರ್ವಚನ, ಅಜ್ಜಿ ಬೀಸುವಾಗ ಹೇಳುತ್ತಿದ್ದ ಪದ ಇವೆಲ್ಲ ಅವುಗಳಲ್ಲಿವೆ. ಸಿ.ಡಿ.ಯ ಹಾಡು ಹೋದರೆ ಬೇರೆ ಕಡೆ ಸಿಕ್ಕೀತು. ಇವುಗಳ ಎರಡನೆಯ ಪ್ರತಿ ಲೋಕದಲ್ಲೆಲ್ಲಿಯೂ ಇಲ್ಲ.

ಸುರುಳಿಯೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಬ್ಬಿಣದ ತುಕ್ಕಿನ ಪುಡಿ. ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಕಡೂರು, ಅಜ್ಜಂಪುರ ಕಡೆಯ ಒಣಧೂಳು ಒಳಸೇರಿ ಗೀರುತ್ತದೆ. ಪಟ್ಟಿಯನ್ನು ಒತ್ತಿಹಿಡಿಯುವ ಪುಟ್ಟ ಉಣ್ಣೆಯ ತುಣುಕು ಉದುರುತ್ತದೆ. ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಹಲ್ಲುಗಳನ್ನು ಮುರಿಯಿರಿ. ಇನ್ನು ಅದರ ಮೇಲೆ ಅಕಸ್ಮಾತ್ತಾಗಿ ಮುದ್ರಣವಾಗದು. ಪ್ಲೇಯರಿನ ಬೆಲ್ಟು ಕರಗಿದ್ದರೆ ಹೊಸದು ಹಾಕಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬೆಲೆಬಾಳದ ಒಂದು ಸುರುಳಿಯನ್ನು ಮೊದಲು ಓಡಿಸಿ ನೋಡಿ, ಪಟ್ಟಿ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತವಾದ ಮೇಲೆ ಮುಖ್ಯವಾದುದನ್ನು ಹಾಕಿ. ಪ್ಲೇಯರಿನ ಹೆಡ್‌ಫೋನ್ ರಂಧ್ರದಿಂದ ಕಂಪ್ಯೂಟರಿಗೆ ತಂತಿ ಎಳೆದು, ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬಹುದು. ಸಿ-60 ಸುರುಳಿಗೆ ಒಂದು ಗಂಟೆಯೇ ಬೇಕು, ಅವಸರ ಸಲ್ಲದು. ಮೂಲ ಮುದ್ರಣವನ್ನು ಸಂಕುಚಿಸದೆ ಉಳಿಸಿ, ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಕಳುಹಿಸಿ.

ಮುದ್ರಿಸುವ ದಿನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಹಾಡಿದವರು ಯಾರು, ಹಾರ್ಮೋನಿಯಂ ಹಿಡಿದವರು ಯಾರು, ನಡುವೆ ಕೆಮ್ಮಿದವರು ಯಾರೆಂದು ಹೇಳಬಲ್ಲವರು ಅವರೊಬ್ಬರೇ. ಅವರು ಹೇಳಿದ್ದನ್ನು ದಿನಾಂಕದೊಡನೆ ಬರೆದಿಡಬೇಕು. ಹಾಡು ಮುಗಿಯಿತೆಂದು ಯಂತ್ರವನ್ನು ಕೂಡಲೇ ನಿಲ್ಲಿಸಬೇಡಿ. ಗುಂಡಿ ಒತ್ತುವ ಮುನ್ನಿನ ಅರ್ಧ ನಿಮಿಷದಲ್ಲಿ, ‘ಆಯ್ತೇನು?’ ಎಂದು ಕೇಳಿದವರ ಮಾಮೂಲಿ ದನಿ ಉಳಿದಿರುವುದುಂಟು.